ಮಾಸ್ಟರಮ್ಮ ಕೆಲಸ ಕಲಿಯಲು ಸೇರಿದ್ದು

ಆ ಬೀದಿಯಲ್ಲಿ ಕೋಟು ಹೊಲಿಸಬೇಕೆಂದರೆ ಜನ ಬೇರೆ ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ. ಕೋಟು ಮಾಸ್ಟರು ಕತ್ತರಿಸಿದ ಬಟ್ಟೆ ಮೈಗೆ ಅಂಟಿಕೊಂಡೇ ಹುಟ್ಟಿದ ಹಾಗಿರುತ್ತದೆ ಎನ್ನುತ್ತಿದ್ದರು. ಬೆನ್ನು ಬಾಗಿದವರು ಕೂಡ ಆ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ ತಾವು ನೆಟ್ಟಗಿದ್ದೇವೆ ಎಂದು ನಂಬಿಬಿಡುತ್ತಿದ್ದರು. ಮಾಸ್ಟರ ಹೆಂಡತಿಯನ್ನು ಬೀದಿಯವರು ಮಾಸ್ಟರಮ್ಮ ಎಂದು ಕರೆಯುತ್ತಿದ್ದರು. ಡಾಕ್ಟರನ್ನು ಕಟ್ಟಿಕೊಂಡವಳು ಯಾರಿಗೂ ಸೂಜಿ ಚುಚ್ಚದೆ ಡಾಕ್ಟರಮ್ಮ ಆಗುವುದಿಲ್ಲವೇ, ಹಾಗೆ. ಅದಕ್ಕೆ ಅದಕ್ಕಿಂತ ಹೆಚ್ಚಿನ ಅರ್ಥವೇನೂ ಇರಲಿಲ್ಲ.

ಜನರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಎಷ್ಟೋ ವರ್ಷಗಳಿಂದ ಆ ಅಂಗಡಿಯ ಒಂದು ಕೋಟನ್ನೂ ಮಾಸ್ಟರು ಕತ್ತರಿಸಿರಲಿಲ್ಲ.

ಮೊದಲು ಅವರ ಬಲಗೈಯ ಹೆಬ್ಬೆರಳು ನಡುಗಿತು, ಆಮೇಲೆ ಇಡೀ ಕೈ. ಲೋಟ ಎತ್ತುವಾಗ ನಡುಗಿದರೆ ನಾಲ್ಕು ಹನಿ ಚೆಲ್ಲುತ್ತದೆ, ಒರೆಸಿಕೊಳ್ಳಬಹುದು. ಬಟ್ಟೆಯ ಮೇಲೆ ಕತ್ತರಿ ನಡುಗಿದರೆ ಒರೆಸುವುದಕ್ಕೆ ಏನೂ ಉಳಿಯುವುದಿಲ್ಲ. ಒಬ್ಬ ವಕೀಲರ ಕರೀ ಬಟ್ಟೆ ಹೀಗೆ ಹಾಳಾದ ದಿನ ಮಾಸ್ಟರು ಒಳಕೋಣೆಯಲ್ಲಿ ಕೂತು ಮಗುವಿನ ಹಾಗೆ ಅತ್ತರು. ಹೆಂಡತಿ ಸಮಾಧಾನದ ಮಾತೇನೂ ಆಡಲಿಲ್ಲ. ಬಟ್ಟೆಯನ್ನು ಹಲಗೆಯ ಮೇಲೆ ಹರಡಿ, ಕತ್ತರಿಯನ್ನು ಎಡಗೈಗೆ ತೆಗೆದುಕೊಂಡು, ಹಾಳಾದ ಅಂಚೆಲ್ಲ ಒಳಮಡಿಕೆಗೆ ಹೋಗುವಂತೆ ಮತ್ತೆ ಕತ್ತರಿಸಿದಳು. ಮದುವೆಯಾಗಿ ಬಂದ ದಿನದಿಂದ ಗಂಡನ ಎದುರು ಕೂತು ಗುಂಡಿಯ ಕಾಜ ಹೊಲಿಯುತ್ತ, ಅವರ ಕೈಯನ್ನೇ ನೋಡುತ್ತ ಬಂದದ್ದು ಬಿಟ್ಟರೆ ಅವಳಿಗೆ ಬೇರೆ ವಿದ್ಯೆ ಇರಲಿಲ್ಲ. ವಕೀಲರು ಬಂದರು, ಕೋಟು ಹಾಕಿಕೊಂಡು ಆಚೆ ಈಚೆ ತಿರುಗಿದರು, “ನಿಮ್ಮ ಕೈಯಲ್ಲಿ ಏನೋ ಇದೆ ಮಾಸ್ಟ್ರೇ” ಎಂದರು. ಮಾಸ್ಟರು ಕೈಯನ್ನು ಜೇಬಿಗೆ ಹಾಕಿಕೊಂಡು ನಕ್ಕರು.

ಆ ವಾರವೇ ಅವರು ಪೇಟೆಯೆಲ್ಲ ಸುತ್ತಿ ಎಡಗೈಯವರ ದೊಡ್ಡ ಕತ್ತರಿಯೊಂದನ್ನು ಹುಡುಕಿ ತಂದು ಅವಳ ತೊಡೆಯ ಮೇಲಿಟ್ಟರು. ಅವಳ ಎಡಗೈ ಚಾಳಿಗೆ ತವರಿನಲ್ಲಿ ಬೈಗುಳ ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ. ಅವಳಿಗೆ ಅಳು ಬಂದಿತ್ತು. ಮರುದಿನ ಮಾಸ್ಟರು ಅಂಗಡಿಗೂ ಒಳಕೋಣೆಗೂ ನಡುವೆ ದಪ್ಪ ಪರದೆ ಕಟ್ಟಿಸಿದರು. ಅದೂ ಅವಳಿಗಾಗಿಯೇ ತಂದದ್ದು ಎಂಬುದು ಅವಳಿಗೆ ಹೊಳೆದದ್ದು ಸ್ವಲ್ಪ ತಡವಾಗಿ.

ಪರದೆಯ ಈಚೆ ಕನ್ನಡಿ, ಇಸ್ತ್ರಿ ಮೇಜು, ಗೋಡೆಗೆ ಮಾಸ್ಟರು ಹಿಂದೆ ಪಾಸು ಮಾಡಿದ ಪರೀಕ್ಷೆಯ ಸರ್ಟಿಫಿಕೇಟು. ಆಚೆ ಕತ್ತರಿಸುವ ಹಲಗೆ, ಪಕ್ಕದಲ್ಲೇ ಒಲೆ, ಕೈಗೆಟುಕದ ಎತ್ತರದಲ್ಲಿ ಒಂದು ಕಿಟಕಿ. ಮಾಸ್ಟರು ಅಳತೆ ತೆಗೆಯುತ್ತ ಅಂಕಿಗಳನ್ನು ಗಟ್ಟಿಯಾಗಿ ಹೇಳುತ್ತಿದ್ದರು, ಗಿರಾಕಿ ಅದು ಮಾಸ್ಟರ ಅಭ್ಯಾಸ ಎಂದುಕೊಳ್ಳುತ್ತಿದ್ದ. ಒಳಗೆ ಅವಳು ಬರೆದುಕೊಳ್ಳುತ್ತಿದ್ದಳು. ಬಟ್ಟೆ ಪರದೆಯ ಸಂದಿಯಿಂದ ಒಳಗೆ ಹೋಗುತ್ತಿತ್ತು, ಕತ್ತರಿಸಿಕೊಂಡು ಹೊರಗೆ ಬರುತ್ತಿತ್ತು. ಹೊಗಳಿಕೆ ಮಾತ್ರ ಒಳಗೆ ಹೋಗುತ್ತಿರಲಿಲ್ಲ, ಪರದೆಗೆ ಬಡಿದು ಅಲ್ಲೇ ಉಳಿಯುತ್ತಿತ್ತು. ಅವಳಿಗಿದ್ದ ಆಸೆ ದೊಡ್ಡದೇನಲ್ಲ. ತಾನು ಕತ್ತರಿಸಿದ ಕೋಟು ತೊಟ್ಟವರನ್ನು ಎದುರಿಗೆ ನಿಲ್ಲಿಸಿಕೊಂಡು, ಭುಜ ಹಿಡಿದು ತಿರುಗಿಸಿ, ಬೆನ್ನ ಮೇಲೆ ಬಟ್ಟೆ ಹೇಗೆ ಕೂತಿದೆ ಎಂದು ಹಗಲು ಬೆಳಕಿನಲ್ಲಿ ಒಮ್ಮೆ ನೋಡಬೇಕು. ಇಷ್ಟನ್ನು ಕೇಳುವುದಕ್ಕೂ ಬಾಯಿ ಬರುತ್ತಿರಲಿಲ್ಲ. ಕೇಳಿದರೆ ಗಂಡನ ಹೆಸರು ಮಣ್ಣುಪಾಲು, ಕೇಳದಿದ್ದರೆ ಈ ಕೋಣೆ.

ಹೀಗಿರುವಾಗ ಮಾಸ್ಟರ ತಂಗಿ ತನ್ನ ಮಗಳನ್ನು ಕರೆದುಕೊಂಡು ಬಂದಳು. ಮಾತು ಬಂದ ದಿನದಿಂದ ಎಲ್ಲದಕ್ಕೂ “ಯಾಕೆ?” ಎಂದು ಕೇಳುತ್ತಿದ್ದ ಆ ಹುಡುಗಿಗೆ ಮನೆಯವರೆಲ್ಲ ಯಾಕಮ್ಮ ಎಂದೇ ಹೆಸರಿಟ್ಟಿದ್ದರು. ಹೊಲಿಗೆಯ ಪರೀಕ್ಷೆಗೆ ಕೂರಬೇಕಾದರೆ ಸರ್ಟಿಫಿಕೇಟು ಇರುವ ಮಾಸ್ಟರ ಕೈಕೆಳಗೆ ಮೂರು ವರ್ಷ ಕೆಲಸ ಕಲಿತಿರಬೇಕು ಎಂಬುದು ಕಾನೂನು.

“ಸುಮ್ನೆ ಒಂದು ಸಹಿ ಅಣ್ಣಾ. ಅಷ್ಟೇ,” ಎಂದಳು ತಂಗಿ. “ಅವಳು ದಿನಾ ಬಂದು ನಿನ್ನ ತಲೆ ತಿನ್ನಲ್ಲ.”

ತಂಗಿಗೆ ಇಲ್ಲ ಎನ್ನುವ ಅಣ್ಣ ಇನ್ನೂ ಹುಟ್ಟಿಲ್ಲ. ಪರೀಕ್ಷೆ ನಡೆಸುವ ಕಚೇರಿಯ ಇನ್ಸ್‌ಪೆಕ್ಟರಮ್ಮನ ಎದುರು ಮಾಸ್ಟರು ನಡುಗುವ ಬಲಗೈಯಲ್ಲಿ ಕರಾರಿಗೆ ಸಹಿ ಎಳೆದು ಬಂದರು. ಏನಕ್ಕೆ ಸಹಿ ಹಾಕಿದೆ ಎಂದು ಓದಲಿಲ್ಲ. ಓದಿದವಳು ಯಾಕಮ್ಮ. ಮರುದಿನ ಬೆಳಿಗ್ಗೆ ಮಾಸ್ಟರು ಶಟರು ಎತ್ತುವಾಗ ಅವಳು ಕೈಚೀಲ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು.

“ಸಹಿ ಅಷ್ಟೇ ಅಂದಿದ್ಲಲ್ಲ ನಿಮ್ಮಮ್ಮ?”

“ಅಮ್ಮ ಹೇಳಿದ್ದು ಅಮ್ಮನ ಮಾತು ಮಾವ. ಕರಾರಲ್ಲಿ ಬೇರೆ ಇದೆ.” ಅವಳು ಎದ್ದು ನಿಂತು ಓದಿ ಹೇಳಿದಳು. ಕಲಿಸುವ ಮಾಸ್ಟರು ಕಸುಬಿನ ಎಲ್ಲ ಭಾಗವನ್ನೂ, ಕತ್ತರಿಸುವುದನ್ನೂ ಸೇರಿಸಿ, ತಾವೇ ಕೂತು ಕಲಿಸಬೇಕು. ವಾರಕ್ಕೊಂದು ದಿನ ತರಗತಿಗೆ ಬಿಡಬೇಕು. ಹೊತ್ತು ಮೀರಿ ದುಡಿಸಬಾರದು. ಮನೆಗೆಲಸಕ್ಕೆ ಹಚ್ಚಬಾರದು. ಮೊದಲ ಕೆಲವು ತಿಂಗಳು ಕಳೆದ ಮೇಲೆ ಸರಿಯಾದ ಕಾರಣವಿಲ್ಲದೆ ಬಿಡಿಸಿ ಕಳಿಸುವ ಹಾಗಿಲ್ಲ. ಇನ್ಸ್‌ಪೆಕ್ಟರು ಯಾವಾಗ ಬೇಕಾದರೂ ಬಂದು ನೋಡಬಹುದು.

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು. ಮಾಸ್ಟರು ಒಳಗೆ ಬಂದು ಹೆಂಡತಿಯ ಮುಖ ನೋಡಿದರು. ಪಾತ್ರೆ ತೊಳೆಯಲು ಒಬ್ಬಳು ಸಿಕ್ಕಳಲ್ಲ ಎಂದುಕೊಂಡಿದ್ದ ಅವಳು ಕತ್ತರಿಯನ್ನು ಸೆರಗಿನಡಿ ಸರಿಸಿದಳು. ಇಲ್ಲಿಯವರೆಗೆ ಗಿರಾಕಿ ಇದ್ದಷ್ಟು ಹೊತ್ತು ಉಸಿರು ಬಿಗಿಹಿಡಿದರೆ ಸಾಕಿತ್ತು. ಇನ್ನು ಬೆಳಗಿನಿಂದ ಸಂಜೆಯವರೆಗೆ ಒಬ್ಬಳು ಪರದೆಯ ಆಚೆ ಕೂತಿರುತ್ತಾಳೆ, ಅದೂ ಕೇಳುವ ಹಕ್ಕು ಇರುವವಳು.

ಈ ಕಸುಬಿನಲ್ಲಿ ಹಳೆಯ ಪದ್ಧತಿಯೊಂದಿದೆ. ಕಲಿಯಲು ಬಂದವರಿಗೆ ಮೊದಲ ವರ್ಷ ಕಾಜ, ಎರಡನೇ ವರ್ಷವೂ ಕಾಜ, ಮಾಸ್ಟರಿಗೆ ಮನಸ್ಸು ಬಂದರೆ ಆಮೇಲೆ ಗುಂಡಿ. ಕತ್ತರಿ ಕೊಡುವ ಹೊತ್ತಿಗೆ ಕಲಿಯುವವನ ಮೀಸೆ ಹಣ್ಣಾಗಿರುತ್ತದೆ. ಮಾಸ್ಟರು ಆ ಪದ್ಧತಿಯ ಹಿಂದೆ ಅಡಗಿ ಕೂತರು. ಯಾಕಮ್ಮ ಕಾಜ ಹೊಲಿದಳು. ಕೆಲವೇ ವಾರಗಳಲ್ಲಿ ಅವಳ ಕಾಜಕ್ಕೆ ಹೆಸರಿಡಲು ಏನೂ ಉಳಿಯಲಿಲ್ಲ.

“ಮಾವ, ಕತ್ತರಿ ಯಾವಾಗ?”

“ಮೊದ್ಲು ಕೈ ಕೂರ್ಲಿ.”

“ಕೂತಿದೆ ಮಾವ. ಕರಾರಲ್ಲಿ ಕಾಜಕ್ಕೆ ಆರೇ ತಿಂಗಳು.” ಆಮೇಲೆ ಪರದೆಯ ಕಡೆ ಕಿವಿಗೊಟ್ಟು, “ಅತ್ತೆ ಏನು ಹೆಚ್ತಿದಾರೆ?”

“ತರಕಾರಿ.”

“ದಿನಾ ಇಷ್ಟೊಂದು ತರಕಾರಿನಾ? ಇಬ್ರೇ ಅಲ್ವಾ ನೀವು?”

ಒಳಗೆ ಮಾಸ್ಟರಮ್ಮನ ಕತ್ತರಿ ಕೋಟಿನ ತೋಳಿನ ಅರ್ಧಕ್ಕೆ ನಿಂತುಬಿಟ್ಟಿತು. ಆ ದಿನದಿಂದ ಅವಳು ಹಲಗೆಯ ಮೇಲೆ ಕಂಬಳಿ ಹಾಸಿಕೊಂಡು, ಕತ್ತರಿ ಸದ್ದು ಮಾಡದಂತೆ ಎಳ್ಳಷ್ಟೆಳ್ಳಷ್ಟೇ ಬಾಯಿ ಬಿಡಿಸಿ ಕತ್ತರಿಸಿದಳು. ಕೆಮ್ಮು ಬಂದರೆ ಸೆರಗು ಕಚ್ಚಿಕೊಂಡಳು. ತನ್ನ ಮನೆಯಲ್ಲಿ ತಾನೇ ಕಳ್ಳಿ. ಹುಡುಗಿಯನ್ನು ನೂಲಿಗೆ, ಗುಂಡಿಗೆ ಎಂದು ಪೇಟೆಗೆ ಓಡಿಸಿ ಆ ಹೊತ್ತಿನಲ್ಲಿ ಗಡಿಬಿಡಿಯಿಂದ ಕೆಲಸ ಮುಗಿಸುವುದೂ ಆಯಿತು. ಒಂದು ದಿನ ಮಾಸ್ಟರು ಗಿರಾಕಿಯ ಮನೆಗೆ ಹೋಗಿದ್ದರು. ಪೇಟೆಗೆ ಕಳಿಸಿದ ಹುಡುಗಿ ಕೊಡೆ ಮರೆತು ಅರ್ಧದಾರಿಯಿಂದ ವಾಪಸು ಬಂದಳು, ಕೊಡೆಗಾಗಿ ಪರದೆ ಎತ್ತಿದಳು.

ಅತ್ತೆಯ ಎಡಗೈಯಲ್ಲಿ ಕತ್ತರಿ, ಬಾಯಲ್ಲಿ ಎರಡು ಗುಂಡುಸೂಜಿ, ಹಲಗೆಯ ಮೇಲೆ ಮಾಸ್ಟರಿಗೆ ಹೆಸರು ತಂದ ಕೋಟಿನ ಭುಜದ ತುಂಡು. ಯಾಕಮ್ಮ ಜೀವನದಲ್ಲಿ ಮೊದಲ ಸಲ ಯಾಕೆ ಎಂದು ಕೇಳಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಹಲಗೆಯ ಆಚೆ ಬದಿಯಲ್ಲಿ ಎದುರಿಗೆ ನಿಂತು, “ಇನ್ನೊಂದ್ಸಲ ತೋರ್ಸಿ ಅತ್ತೆ,” ಎಂದಳು.

ಹಾಗೆ ಪಾಠ ಶುರುವಾಯಿತು. ಎದುರುಬದುರು ನಿಂತರೆ ಕನ್ನಡಿಯಲ್ಲಿ ನೋಡಿದ ಹಾಗೆ, ಎಡಗೈಯವಳ ಕೈ ಬಲಗೈಯವಳಿಗೆ ಸರಿಹೊಂದುತ್ತಿತ್ತು. ಮಾಸ್ಟರಿಗೆ ಕೆಲವೇ ದಿನಗಳಲ್ಲಿ ಗೊತ್ತಾಯಿತು, ಗೊತ್ತಾಗಿಯೂ ಗೊತ್ತಿಲ್ಲದವರ ಹಾಗೆ ಇದ್ದುಬಿಟ್ಟರು. ಹುಡುಗಿ ತನ್ನ ಸಣ್ಣ ಕತ್ತರಿಯಿಂದ ಕತ್ತರಿಸಿದ ಮೊದಲ ತೋಳನ್ನು ಎತ್ತಿ ಹಿಡಿದು ಮಾಸ್ಟರಮ್ಮ ನಕ್ಕಳು. ಆ ಕೋಣೆಯಲ್ಲಿ ಅವಳು ನಕ್ಕು ಬಹಳ ಕಾಲವಾಗಿತ್ತು. ಆದರೆ ಗಂಟು ಈಗ ಇನ್ನೂ ಬಿಗಿಯಾಯಿತು. ನಿಜ ಯಾಕೆ ಹೇಳಬಾರದು ಎಂದು ಹುಡುಗಿ ಕೇಳಿದಾಗ ಅವಳೇ ಬಿಡಿಸಿ ಹೇಳಿದಳು.

“ನಾನು ಬಾಯಿ ಬಿಟ್ರೆ ನಿನ್ನ ಮಾವನ ಹೆಸರು ಹೋಗುತ್ತೆ. ಅದರ ಜೊತೆ ನಿನ್ನ ವರ್ಷಗಳೂ ಹೋಗ್ತವೆ. ಕಲಿಸ್ಬೇಕಾಗಿರೋದು ಅವ್ರು, ನಾನಲ್ಲ. ನಾನು ಕಲ್ಸಿದ್ದಕ್ಕೆ ಲೆಕ್ಕ ಇಲ್ಲ ಕಣೆ.”

“ಲೆಕ್ಕ ಯಾಕಿಲ್ಲ?”

“ನಾನು ಯಾರು ಅಂತ ಲೆಕ್ಕ?”

ಯಾಕಮ್ಮ ಮುಂದಿನ ತೋಳಿನ ಬಟ್ಟೆಯನ್ನು ಹಲಗೆಯ ಮೇಲೆ ಹರಡಿದಳು.

ಇನ್ಸ್‌ಪೆಕ್ಟರಮ್ಮ ಬಂದದ್ದು ಅರ್ಧ ಅವಧಿ ಕಳೆದ ಮೇಲೆ, ಹೇಳದೆ ಕೇಳದೆ. ಇವಳು ಇನ್ಸ್‌ಪೆಕ್ಟರನ್ನು ಕಟ್ಟಿಕೊಂಡು ಆದ ಇನ್ಸ್‌ಪೆಕ್ಟರಮ್ಮ ಅಲ್ಲ, ತಾನೇ ಇನ್ಸ್‌ಪೆಕ್ಟರು. ಅದಕ್ಕೆ ಮೊದಲು ಹೊಲಿಗೆ ಶಾಲೆಯಲ್ಲಿ ಪಾಠ ಹೇಳಿದವಳು. ಅವಳು ಯಾಕಮ್ಮನಿಗೆ ಸಣ್ಣ ಕತ್ತರಿಯಲ್ಲಿ ಒಂದು ಕಾಲರು ಕತ್ತರಿಸಲು ಹೇಳಿ ನೋಡಿದಳು, ತಲೆದೂಗಿದಳು.

“ಚೆನ್ನಾಗಿ ಕಲ್ಸಿದೀರಿ ಮಾಸ್ಟ್ರೇ. ನೀವು ಕಲ್ಸೋದನ್ನೂ ಸ್ವಲ್ಪ ನೋಡ್ಬೇಕು. ದಪ್ಪ ಬಟ್ಟೆ ಮೇಲೆ ಒಂದು ತೋಳು ಕತ್ತರಿಸಿ ತೋರ್ಸಿ ಇವಳಿಗೆ.”

ಪರದೆಯ ಹಿಂದೆ ಮಾಸ್ಟರಮ್ಮ ಗೋಡೆಗೆ ಒರಗಿ ನಿಂತಳು. ಮಾಸ್ಟರಿಗೆ ಕಣ್ಣುನೋವು ಬಂತು, ಸೊಂಟ ಹಿಡಿಯಿತು, ಗಿರಾಕಿ ಬರುವ ಹೊತ್ತಾಯಿತು. ಯಾವುದೂ ನಡೆಯಲಿಲ್ಲ. ಕೊನೆಗೆ, “ಒಳಗಿಂದ ಕತ್ತರಿ ತಗೊಂಡು ಬಾ,” ಎಂದು ಹುಡುಗಿಗೆ ಹೇಳಿದರು. ಅವರ ಸ್ವಂತ ಕತ್ತರಿ ತುಕ್ಕು ಹಿಡಿದು ಎಂದೋ ಗುಜರಿಗೆ ಹೋಗಿತ್ತು. ಒಳಗಿದ್ದ ದೊಡ್ಡ ಕತ್ತರಿ ಒಂದೇ. ಹುಡುಗಿ ಅದನ್ನೇ ತಂದಳು.

ಇನ್ಸ್‌ಪೆಕ್ಟರಮ್ಮ ಹಳೆಯ ಅಭ್ಯಾಸಬಲದಿಂದ ಅದನ್ನು ತಾನೇ ಕೈಗೆ ತೆಗೆದುಕೊಂಡಳು. ಹೆಬ್ಬೆರಳು ಕೂರಲಿಲ್ಲ. ತಿರುಗಿಸಿ ನೋಡಿದಳು. “ಇದು ಎಡಗೈಯವರ ಕತ್ತರಿ. ನೀವು ನನ್ನ ಮುಂದೆ ಬಲಗೈಲಿ ಸಹಿ ಹಾಕಿದ್ರಿ. ಈ ಹುಡುಗಿನೂ ಬಲಗೈಯವಳೇ. ಇದು ಯಾರದ್ದು?”

ಮಾಸ್ಟರು ಕನ್ನಡಿಯ ಕಡೆ ನೋಡಿದರು. ಯಾಕಮ್ಮ ತನ್ನ ಕಾಲಬೆರಳು ನೋಡಿಕೊಂಡಳು. ಸುಳ್ಳು ಹೇಳು ಎಂದರೆ ಆ ಹುಡುಗಿ ಹೇಳಿಬಿಡುತ್ತಿದ್ದಳು, ತನ್ನ ಅನ್ನಕ್ಕೆ ಕಲ್ಲು ಬಿದ್ದರೂ ಹೇಳುತ್ತಿದ್ದಳು. ಅದನ್ನು ಮಾಸ್ಟರಮ್ಮನಿಗೆ ಸಹಿಸಲಾಗಲಿಲ್ಲ. ತಾನು ಒಳಗೆ ಕೊಳೆತದ್ದು ಸಾಕು, ಇವಳಿಗೂ ಈ ವಿದ್ಯೆ ಕಲಿಸುವುದು ಬೇಡ ಎನಿಸಿತು. ಪರದೆ ಸರಿಸಿ ಹೊರಗೆ ಬಂದು, “ನಂದು,” ಎಂದಳು.

ಇನ್ಸ್‌ಪೆಕ್ಟರಮ್ಮ ಕೂಗಾಡಲಿಲ್ಲ. ಸ್ಟೂಲಿನ ಮೇಲೆ ಕೂತು ಮೂವರ ಮಾತನ್ನೂ ಕೇಳಿದಳು. ಆಮೇಲೆ ಹೇಳಿದಳು, “ಹುಡುಗಿ ವರ್ಷ ಎಲ್ಲೂ ಹೋಗಲ್ಲ. ಮಾಸ್ಟ್ರಿಗೆ ಕಲ್ಸೋಕೆ ಆಗ್ತಿಲ್ಲ ಅಂದ್ರೆ ಕರಾರನ್ನ ಬೇರೆ ಅಂಗಡಿಗೆ ವರ್ಗ ಮಾಡ್ತೀವಿ, ಇಲ್ಲಿ ಕಳೆದ ಕಾಲ ಅಲ್ಲಿಗೆ ಸೇರುತ್ತೆ. ತಪ್ಪು ಮಾಡಿದ್ರೆ ಅದು ಮಾಸ್ಟ್ರದ್ದು, ಕಲಿಯೋಳಿಗೆ ಯಾಕೆ ಶಿಕ್ಷೆ?”

ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ! ಇಷ್ಟು ದಿನ ಯಾವ ಹುಡುಗಿಯ ಹೆಸರಿನಲ್ಲಿ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳೋ ಆ ಹುಡುಗಿಗೆ ಆ ಬೀಗ ಬೇಕೇ ಇರಲಿಲ್ಲ.

“ವರ್ಗ ಬೇಡ ಅಂದ್ರೆ ಇನ್ನೊಂದು ದಾರಿ ಇದೆ,” ಎಂದಳು ಇನ್ಸ್‌ಪೆಕ್ಟರಮ್ಮ. “ಅಂಗಡಿಯವರು ತಮ್ಮ ಕೈಕೆಳಗಿನ ಅನುಭವ ಇರೋರನ್ನ ಕಲಿಸೋಕೆ ನೇಮಿಸ್ಬಹುದು. ಇವರು ಇಂಥ ಕಾಲದಿಂದ ನನ್ನ ಅಂಗಡೀಲಿ ಕಟಿಂಗ್ ಕೆಲಸ ಮಾಡ್ತಿದ್ದಾರೆ ಅಂತ ನೀವು ಬರೆದು ಸಹಿ ಹಾಕಿ. ಅದರ ಮೇಲೆ ಇವರನ್ನ ಪರೀಕ್ಷೆಗೆ ನೇರವಾಗಿ ಕೂರಿಸ್ತೀನಿ. ಪಾಸಾದ್ರೆ ಇವರೇ ಮಾಸ್ಟರು.”

ಅವಳು ಚೀಲದಿಂದ ಕಾಗದ ತೆಗೆದು ಇಸ್ತ್ರಿ ಮೇಜಿನ ಮೇಲಿಟ್ಟಳು, ಪೆನ್ನನ್ನೂ ಇಟ್ಟಳು. ಮಾಸ್ಟರಮ್ಮ ಆ ಪೆನ್ನನ್ನೇ ನೋಡಿದಳು. ಒಂದು ಸಾಲು. ಅವರ ಕೈ ಎಷ್ಟೇ ನಡುಗಲಿ, ಒಂದು ಸಾಲು ಬರೆಯಬಹುದು. ಮಾಸ್ಟರು ಪೆನ್ನು ಎತ್ತಿಕೊಂಡರು, ಬಾಗಿಲ ಕಡೆ ನೋಡಿದರು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅವರು ಪೆನ್ನನ್ನು ವಾಪಸು ಇಟ್ಟರು.

“ಅವಳು ನನ್ನ ಹೆಂಡ್ತಿ,” ಎಂದರು. “ಕೆಲಸದವಳಲ್ಲ.”

ಅದನ್ನು ಅವರು ಎದೆಯುಬ್ಬಿಸಿ, ಹೆಂಡತಿಯ ಮರ್ಯಾದೆ ಕಾಪಾಡುವವರ ಹಾಗೆಯೇ ಹೇಳಿದರು. ಮಾಸ್ಟರಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮರ್ಯಾದೆ ಕೊಟ್ಟವರಿಗೆ ಏನು ಹೇಳುವುದು?

ಯಾಕಮ್ಮನನ್ನು ಬೀದಿಯ ಕೊನೆಯ ಅಂಗಡಿಗೆ ವರ್ಗ ಮಾಡಿದರು. ಅದರ ಯಜಮಾನನನ್ನು ಎಲ್ಲರೂ ಮೂಲೆಯವನು ಎನ್ನುತ್ತಿದ್ದರು. ಅವನು ಹೊಲಿದ ಕೋಟು ಪರವಾಗಿಲ್ಲ, ಹಾಕಿಕೊಂಡರೆ ಸತ್ತುಹೋಗುವಂಥದ್ದೇನಲ್ಲ. ಇನ್ಸ್‌ಪೆಕ್ಟರಮ್ಮ ಹೊರಟಾಗ ಮಾಸ್ಟರಮ್ಮ ಮೆಟ್ಟಿಲಿಳಿದು ಅವಳ ಹಿಂದೆ ಬಂದಳು. ಕೇಳಲೋ ಬೇಡವೋ ಎಂದು ತಡವರಿಸಿ ಕೇಳಿದಳು.

“ಕಲಿಯೋಕೆ ಸೇರ್ಬೇಕಾದ್ರೆ ವಯಸ್ಸು ಇಷ್ಟೇ ಇರ್ಬೇಕು ಅಂತ ಇದ್ಯಾ?”

“ಕಡಿಮೆ ಇರ್ಬಾರ್ದು. ಜಾಸ್ತಿಗೆ ಮಿತಿ ಇಲ್ಲ. ಯಾಕೆ, ಯಾರಿಗೆ?” ಕೇಳಿದ ಮೇಲೆ ಅವಳಿಗೇ ಅರ್ಥವಾಯಿತು. ದನಿ ತಗ್ಗಿಸಿದಳು. “ನೋಡಿ, ಅಂಗಡಿಯವರ ಸಹಿ ಇಲ್ದೆ ನಿಮ್ಮ ಅನುಭವನ ನಾನು ಲೆಕ್ಕಕ್ಕೆ ತಗೊಳ್ಳೋಕೆ ಬರಲ್ಲ. ಮೂರು ವರ್ಷ ಪೂರ್ತಿ ಕೂರ್ಬೇಕಾಗುತ್ತೆ. ನಿಮಗೆ ಗೊತ್ತಿರೋದನ್ನೇ, ಕಾಜದಿಂದ.”

“ಹೂಂ,” ಎಂದಳು ಮಾಸ್ಟರಮ್ಮ.

ಆಮೇಲಿನ ದಿನಗಳಲ್ಲಿ ಪರದೆ ಇತ್ತು, ಅಂಕಿಗಳು ಕೇಳುತ್ತಿದ್ದವು, ಬಟ್ಟೆ ಒಳಗೆ ಬರುತ್ತಿತ್ತು. ಅವಳು ಕತ್ತರಿಸಿ ಕೊಡುತ್ತಿದ್ದಳು. ಮಾಸ್ಟರು ಮನಸ್ಸು ಹಗುರಾದವರ ಹಾಗೆ, “ಪೀಡೆ ಕಳೀತು, ಇನ್ನು ಯಾರೂ ಇಲ್ಲ ನಮ್ಮಿಬ್ರ ಮಧ್ಯೆ,” ಎಂದರು. ಕೋಣೆ ಮೊದಲಿನಷ್ಟೇ ದೊಡ್ಡದಿದ್ದರೂ ಅವಳಿಗೆ ತಿರುಗಾಡಲು ಜಾಗ ಸಾಲುತ್ತಿರಲಿಲ್ಲ. ಮತ್ತೆ ಕಾಜದಿಂದ ಶುರುಮಾಡಿ ಮೂರು ವರ್ಷ ಕೂರುವುದೆಂದರೆ ನೆನೆಸಿಕೊಂಡೇ ಹೊಟ್ಟೆ ಉರಿಯುತ್ತಿತ್ತು. ಹೊಟ್ಟೆ ಉರಿದ ಬೆನ್ನಿಗೇ ಇಲ್ಲಿಯ ಲೆಕ್ಕ ನೆನಪಾಗುತ್ತಿತ್ತು. ಅಲ್ಲಿ ಮೂರು ವರ್ಷಕ್ಕೆ ಕೊನೆ ಎಂಬುದಿದೆ. ಇಲ್ಲಿಗೆ ಕೊನೆ ಇಲ್ಲ.

ಒಂದು ಬೆಳಿಗ್ಗೆ ತಿಂಡಿಯ ತಟ್ಟೆ ಮುಂದಿಟ್ಟು ಅವಳು ಹೇಳಿದಳು, “ನಾಳೆಯಿಂದ ಮೂಲೆಯವನ ಅಂಗಡಿಗೆ ಹೋಗ್ತೀನಿ, ಕೆಲಸ ಕಲಿಯೋಕೆ. ಇವತ್ತು ಕಚೇರೀಲಿ ಕರಾರು.”

ಮಾಸ್ಟರು ನಕ್ಕರು. ಆಮೇಲೆ ನಗು ನಿಂತಿತು. “ಅವನಿಗೆ ನೀನೇ ಕಲಿಸ್ಬೇಕು. ನೀನು ಹೋಗಿ ಅವನ ಹತ್ರ ಕಲಿಯೋದಾ? ಬೀದಿ ಏನನ್ನುತ್ತೆ?”

“ನಾನು ಕೆಲಸದವಳಲ್ಲ ಅಂತ ನೀವೇ ಹೇಳಿದ್ರಲ್ಲ. ಅದಕ್ಕೇ ಕೆಲಸ ಕಲಿಯೋಕೆ ಹೋಗ್ತಿದೀನಿ.”

“ಇಲ್ಲಿ ಬಟ್ಟೆ?”

“ಕರಾರಿಗೆ ಸೇರಿದ ಮೇಲೆ ಬೇರೆ ಅಂಗಡಿ ಕೆಲಸ ಮುಟ್ಟೋ ಹಾಗಿಲ್ಲ. ಕೇಳ್ಕೊಂಡು ಬಂದಿದೀನಿ.”

ಮಾಸ್ಟರು ತಟ್ಟೆ ಸರಿಸಿ ಎದ್ದರು. ತನ್ನ ಒಪ್ಪಿಗೆ ಇಲ್ಲದೆ ಇದು ಹೇಗೆ ನಡೆಯುತ್ತದೋ ನೋಡುತ್ತೇನೆ ಎಂದರು. ಕತ್ತರಿ ತಂದುಕೊಟ್ಟವನು ಯಾರು ಎಂದು ಕೇಳಿದರು. ಅದು ನಿಜವೇ ಆದ್ದರಿಂದ ಅವಳು ಎದುರಾಡಲಿಲ್ಲ, ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು. ದಾರಿಯುದ್ದಕ್ಕೂ ಕಾಲು ಹಿಂದೆ ಎಳೆಯುತ್ತಿತ್ತು.

ಕಚೇರಿಯಲ್ಲಿ ಮೂಲೆಯವನು ಮೊದಲೇ ಬಂದು, ತನ್ನ ಅದೃಷ್ಟ ತನಗೇ ನಂಬಲಾಗದೆ ಕೂತಿದ್ದ. ಯಾಕಮ್ಮ ಜೊತೆಗೆ ಬಂದಿದ್ದಳು. “ಅತ್ತೆ, ಅಲ್ಲಿ ನಾನು ನಿಮಗೆ ಸೀನಿಯರ್, ಗೊತ್ತಲ್ಲ?” ಎಂದು ನಗಿಸಲು ನೋಡಿದಳು. ಮಾಸ್ಟರಮ್ಮನಿಗೆ ನಗು ಬರಲಿಲ್ಲ. ಇನ್ಸ್‌ಪೆಕ್ಟರಮ್ಮ ಕರಾರಿನ ಒಂದೊಂದು ಮಾತನ್ನೂ ಓದಿ, ಮೂಲೆಯವನಿಂದ ಹೂಂ ಎನಿಸಿಕೊಂಡಳು. ಎಲ್ಲ ಭಾಗವನ್ನೂ ಕಲಿಸಬೇಕು. ಹೂಂ. ಕಾಜಕ್ಕೆ ಆರೇ ತಿಂಗಳು. ಹೂಂ. ಆಮೇಲೆ ಕತ್ತರಿ ಕೈಗೆ ಕೊಡಬೇಕು. “ಹೂಂ ಮೇಡಂ, ಅಷ್ಟು ದಿನ ಯಾಕೆ, ನಾಳೆನೇ ಕೊಡ್ತೀನಿ,” ಎಂದ ಅವನು.

“ಆರು ತಿಂಗಳು ಕಾಜ ಅಂದ್ರೆ ಕಾಜ,” ಎಂದಳು ಇನ್ಸ್‌ಪೆಕ್ಟರಮ್ಮ. ಮಾಸ್ಟರಮ್ಮನ ಕಡೆ ನೋಡದೆ ಮುಂದಿನ ಪುಟ ತಿರುಗಿಸಿದಳು.

ಮಾಸ್ಟರಮ್ಮ ಪೆನ್ನು ಹಿಡಿದಾಗ ಬಾಗಿಲಲ್ಲಿ ನೆರಳಾಯಿತು. ಮಾಸ್ಟರು. ಕೆಲಸದ ದಿನ ಹಗಲು ಹೊತ್ತಿನಲ್ಲಿ ಅವರು ಶಟರು ಎಳೆದು ಬಂದದ್ದು ಅದೇ ಮೊದಲು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅವಳ ಕೈ ನಿಂತಿತು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡಳು, ಯಾಕಮ್ಮನೂ ಹಾಗೇ ಅಂದುಕೊಂಡು ನಡುವೆ ಹೋಗಿ ನಿಂತಳು. ಮಾಸ್ಟರು ಹುಡುಗಿಯನ್ನು ಬಳಸಿಕೊಂಡು ಮೇಜಿನ ಹತ್ತಿರ ಬಂದರು. ದಾರಿಯಲ್ಲಿ ಏನೇನು ಯೋಚಿಸಿದ್ದರೋ, ಮುಖ ಸೋತಿತ್ತು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು.

“ಆಗ್ಲಿ,” ಎಂದರು ಇನ್ಸ್‌ಪೆಕ್ಟರಮ್ಮನಿಗೆ. “ನಾನು ಒಪ್ಪಿದೀನಿ. ಗಂಡನ ಸಹಿ ಎಲ್ಲಿ ಹಾಕ್ಬೇಕು?”

ಇನ್ಸ್‌ಪೆಕ್ಟರಮ್ಮ ಕಾಗದವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. “ಹದಿನೆಂಟು ತುಂಬದೋರಿಗೆ ಮಾತ್ರ ಮನೆಯವರ ಸಹಿ ಬೇಕು,” ಎಂದಳು. “ಇದರಲ್ಲಿ ನಿಮಗೆ ಜಾಗ ಇಲ್ಲ.”

ಮಾಸ್ಟರು ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಮೇಜಿನ ಅಂಚಿನ ಮೇಲಿಟ್ಟರು. ಮೇಜು ಸಣ್ಣಗೆ ಅದುರಿತು. ಮಾಸ್ಟರಮ್ಮನಿಗೆ ಅಯ್ಯೋ ಎನಿಸಿತು. ಆದರೂ ಕಾಗದವನ್ನು ಅದುರದ ಕಡೆಗೆ ಸರಿಸಿಕೊಂಡು ತನ್ನ ಹೆಸರು ಬರೆದಳು.